ಹುಲ್ಲುಹಾಸಿಗೆ ಹೊಡೆದ ಎಣ್ಣೆ

ದುರುಗಪ್ಪನ ಕಣ್ಣಿಗೆ ಎಣ್ಣೆ ಸಿಡಿದದ್ದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ. ನಲ್ಲಿ ಇದ್ದದ್ದು ಇಪ್ಪತ್ತು ಹೆಜ್ಜೆ ದೂರದಲ್ಲಿ. ಅವನ ಕಣ್ಣಿಗೆ ನೀರು ಬಿದ್ದದ್ದು ಹನ್ನೊಂದಕ್ಕೆ. ಅದೂ ಎಮ್ಮೆ ಕುಡಿಯುವ ತೊಟ್ಟಿಯ ನೀರು.

ಆ ಅರ್ಧ ಗಂಟೆ ಎಲ್ಲಿ ಹೋಯಿತು ಅನ್ನುವುದನ್ನು ಹೇಳಬೇಕು.

ದುರುಗಪ್ಪ, ಹುಲಿಗೆಮ್ಮ ಗಂಡ ಹೆಂಡಿರು. ಕೊಪ್ಪಳದ ಕಡೆಯವರು, ಊರ ಹೊರಗಿನ ಕೇರಿಯವರು. ಟೆಲಿಫೋನ್ ಕೇಬಲ್ಲಿಗೆ ನೆಲ ಅಗೆಯುವ ಗುಂಪಿನ ಜೊತೆ ಗುಜರಾತಿಗೆ ಬಂದಿದ್ದರು. ಸೂರತ್ ಅಗೆದರು, ವಡೋದರಾ ಅಗೆದರು. ತೊಂಬತ್ತಾರರ ಬೇಸಿಗೆಯಲ್ಲಿ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಎದೆಮಟ್ಟದ ಗುಂಡಿಯೊಳಗೆ ನಿಂತಿದ್ದರು. ಮೇಲೆ ವಾಕಿಂಗಿಗೆ ಹೊರಟಿದ್ದ ಒಬ್ಬರು ಗುಂಡಿಯೊಳಗಿನಿಂದ ಕನ್ನಡ ಕೇಳಿ ನಿಂತರು.

"ಏನಪ್ಪಾ, ಕರ್ನಾಟಕದವರಾ?"

ಅವರು ಅನಂತರಾಮ. ಮೈಸೂರಿನವರು. ಕೇಂದ್ರ ಸರಕಾರದ ಒಂದು ಇಲಾಖೆಯಲ್ಲಿ ದೊಡ್ಡ ಅಧಿಕಾರಿ. ಪಕ್ಕದ ಆಫೀಸರ್ಸ್ ಕಾಲನಿಯಲ್ಲಿ ಅವರ ಮನೆ. ಕಾಲನಿಯ ಸಂಘಕ್ಕೂ ಅವರೇ ಅಧ್ಯಕ್ಷರು, ಊರಿನ ಕನ್ನಡ ಸಂಘಕ್ಕೂ ಅವರೇ. "ನಮ್ಮವರು ಇಲ್ಲಿ ಮಣ್ಣು ಹೊರೋದು ನೋಡಕ್ಕಾಗಲ್ಲ. ತೋಟದ ಕೆಲಸ ಕೊಡ್ತೀನಿ ಬನ್ನಿ" ಅಂದರು. ಹುಲಿಗೆಮ್ಮನಿಗೆ ಕಣ್ಣು ತುಂಬಿ ಬಂದಿತ್ತು. ಎರಡು ವರ್ಷದಲ್ಲಿ ಅವಳನ್ನು ಯಾರೂ ನಮ್ಮವರು ಅಂದಿರಲಿಲ್ಲ.

ಪಂಪ್‌ಹೌಸಿನ ಪಕ್ಕದ ತಗಡಿನ ಕೋಣೆ ಕೊಟ್ಟರು. ಮೊದಲ ದಿನ ಸಾಹೇಬರ ಹೆಂಡತಿ ನಳಿನಿಯಮ್ಮ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟು, ಅದೂ ಇದೂ ಮಾತಾಡಿ, ಕೊನೆಗೆ ಕೇಳಿದರು: "ನೀವು ಯಾವ ಜನ?"

ಹುಲಿಗೆಮ್ಮ ಮುಚ್ಚಿಡಲಿಲ್ಲ. ಹೇಳಿದಳು.

ಮರುದಿನದಿಂದ ಚಹಾ ಕಾಂಪೌಂಡು ಗೋಡೆಯ ಮೇಲೆ, ಪ್ಲಾಸ್ಟಿಕ್ ಮಗ್ಗಿನಲ್ಲಿ ಬಂತು. ಮಗ್ಗು ತೊಳೆದು ಅಲ್ಲೇ ಇಡಬೇಕು. ಮೈಸೂರಿನಿಂದ ಅಹಮದಾಬಾದಿಗೆ ಎರಡು ದಿನದ ರೈಲು. ಆ ಮಗ್ಗು ಅಷ್ಟು ದೂರವನ್ನೂ ಅವರ ಜೊತೆಗೇ ದಾಟಿ ಬಂದಿತ್ತು.

ಹದಿನಾರು ಬಂಗಲೆಗಳ ನಡುವೆ ಒಂದು ಎಕರೆ ಹುಲ್ಲುಹಾಸು. ಮಳೆಗಾಲ ಮುಗಿಯುವ ಹೊತ್ತಿಗೆ ಅದರಲ್ಲಿ ಹುಲ್ಲಿಗಿಂತ ಸೊಪ್ಪೇ ಹೆಚ್ಚಾಯಿತು. ಗೋಳಿ ಸೊಪ್ಪು, ಹುಳಿ ಸೊಪ್ಪು, ಕೊಮ್ಮೆ, ಮುಟ್ಟಿದರೆ ಮುನಿ. ಹುಲಿಗೆಮ್ಮ, ಅವಳ ಜೊತೆಗೆ ದಾಹೋದ್ ಕಡೆಯಿಂದ ಕೂಲಿಗೆ ಬಂದ ಮಂಗೂಬೆನ್ ಮತ್ತು ಇನ್ನಿಬ್ಬರು ಹೆಂಗಸರು ಒಂದು ತಿಂಗಳು ಕುಕ್ಕರಗಾಲಲ್ಲಿ ಕೂತು ಕಿತ್ತರು. ಕುಂತೇ ಮುಂದಕ್ಕೆ ಸರಿಯಬೇಕು. ಮಂಡಿ ಬಾತುಕೊಂಡಿತು. ಕಳೆ ಕೀಳುವ ಖುರ್ಪಿಯ ಹಿಡಿ ಅಂಗೈಯ ಚರ್ಮ ಎಬ್ಬಿಸಿತು. ಸಂಜೆ ಎದ್ದು ನಿಲ್ಲಲು ಒಬ್ಬರ ಕೈ ಒಬ್ಬರು ಹಿಡಿಯಬೇಕಿತ್ತು. ಸಾಹೇಬರು ಶೂ ತುದಿಯಲ್ಲಿ ತೋರಿಸುತ್ತಿದ್ದರು. "ಇಲ್ಲೊಂದಿದೆ. ಇಲ್ಲೊಂದು ಬಿಟ್ಟಿದೀಯ." ಕಿತ್ತದ್ದು ಎಂಟು ದಿನಕ್ಕೆ ಬೇರಿನಿಂದ ಮತ್ತೆ ಬರುತ್ತಿತ್ತು.

ಗೋಳಿ ಸೊಪ್ಪನ್ನು ಹುಲಿಗೆಮ್ಮ ಎಸೆಯುತ್ತಿರಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಬೇಳೆ ಹಾಕಿ ಬೇಯಿಸುತ್ತಿದ್ದಳು. ಒಂದು ಸಂಜೆ ನಳಿನಿಯಮ್ಮ ಗೇಟಿನಲ್ಲಿ ನಿಲ್ಲಿಸಿ ಸೆರಗು ಬಿಚ್ಚಿಸಿದರು. ಸೊಪ್ಪು ನೋಡಿ ನಕ್ಕು, "ಓ, ಕಳೇನಾ? ತಗೊಂಡು ಹೋಗು" ಅಂದರು. ಅವಳು ಬಿಚ್ಚಿದ ಸೆರಗನ್ನು ಮತ್ತೆ ಕಟ್ಟಿಕೊಂಡು ಹೋದಳು. ಆ ಹೊತ್ತಿಗೆ ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು. ಸಿಟ್ಟು ಬರುವುದನ್ನು ಕಲಿಯಲು ಅವಳಿಗೆ ಇನ್ನೂ ಸ್ವಲ್ಪ ದಿನ ಬೇಕಾಯಿತು.

ನವೆಂಬರ್ ಒಂದಕ್ಕೆ ಆ ಹುಲ್ಲಿನ ಮೇಲೆ ರಾಜ್ಯೋತ್ಸವ. ಮುನ್ನೂರು ಕುರ್ಚಿ, ವೇದಿಕೆ, ಊಟ. ಅದಕ್ಕೇ ಸೆಪ್ಟೆಂಬರ್ ಕೊನೆಗೆ ಸಾಹೇಬರು ಕಾರಿನ ಡಿಕ್ಕಿಯಲ್ಲಿ ಒಂದು ರಟ್ಟಿನ ಡಬ್ಬ ತಂದರು. ಒಳಗೆ ಎರಡು ಕ್ಯಾನು, ಕಂದು ಬಣ್ಣದ ಎಣ್ಣೆ. ಆಸ್ಪತ್ರೆಯ ಫಿನಾಯಿಲು ಕೊಳೆತ ಹಾಗೆ ವಾಸನೆ.

"ಇದರ ಮಜಾ ನೋಡು ದುರುಗಪ್ಪ. ಹುಲ್ಲಿಗೆ ಏನೂ ಮಾಡಲ್ಲ. ಅಗಲ ಎಲೆಯ ಗಿಡ ಮಾತ್ರ ಸುರುಳಿ ಸುತ್ತಿ ಸಾಯುತ್ತೆ."

"ಅದಕ್ಕೆ ಹೆಂಗ ಗೊತ್ತಾಗತೈತ್ರಿ, ಯಾವುದು ಹುಲ್ಲು ಯಾವುದು ಸೊಪ್ಪು ಅಂತ?"

"ಗೊತ್ತಾಗುತ್ತೆ. ಅದೇ ಸೈನ್ಸು."

ಮೊದಲ ಕ್ಯಾನಿನ ಕುತ್ತಿಗೆಗೆ ರಬ್ಬರ್ ಹಾಕಿ ಕಟ್ಟಿದ್ದ ಮಡಿಸಿದ ಕಾಗದವನ್ನು ಸಾಹೇಬರು ಬಿಡಿಸಿಕೊಂಡರು. ಅಲ್ಲೇ ನಿಂತು, ಕನ್ನಡಕ ಹಣೆಗೇರಿಸಿ, ಮೇಲಿಂದ ಕೆಳಗಿನ ತನಕ ಓದಿದರು. ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಹುಲಿಗೆಮ್ಮ ಅದನ್ನು ನೋಡಿದ್ದಳು. ದೊಡ್ಡವರು ಕಾಗದ ಓದುವುದು ಹೊಸದಲ್ಲ, ಅಂದುಕೊಂಡು ಸುಮ್ಮನಾದಳು.

ಸೋಮವಾರ ಬೆಳಿಗ್ಗೆ ಸಾಹೇಬರೇ ಮನೆಮನೆಗೆ ಹೋಗಿ ಬೆಲ್ ಒತ್ತಿದರು. ಕಿಟಕಿ ಹಾಕಿಕೊಳ್ಳಿ. ಹಗ್ಗದ ಮೇಲಿನ ಬಟ್ಟೆ ತೆಗೆಯಿರಿ. ಮಕ್ಕಳನ್ನು ಎರಡು ದಿನ ಲಾನಿಗೆ ಬಿಡಬೇಡಿ. ತಮ್ಮ ನಾಯಿಯನ್ನು ಒಳಗೆ ಕಟ್ಟಿಸಿದರು. ಹುಲ್ಲಿನ ನಾಲ್ಕೂ ಮೂಲೆಗೆ ಇಂಗ್ಲಿಷಿನಲ್ಲಿ, ಗುಜರಾತಿಯಲ್ಲಿ ಬೋರ್ಡು ನೆಡಿಸಿದರು. ಬೋರ್ಡು ನೆಟ್ಟವಳು ಹುಲಿಗೆಮ್ಮ. ಅದರಲ್ಲಿ ಏನಿದೆಯೆಂದು ಅವಳಿಗೆ ಯಾರೂ ಹೇಳಲಿಲ್ಲ.

ದುರುಗಪ್ಪ ಬರಿಗಾಲಲ್ಲಿ ಇಳಿದ. ಬರಿಗೈಯಲ್ಲಿ ಬಕೆಟ್ಟಿನ ಎಣ್ಣೆ ನೀರು ಕಲಸಿದ, ಮೊಣಕೈ ತನಕ. ಬೆನ್ನಿನ ಪಂಪಿನ ಮುಚ್ಚಳ ಸೋರುತ್ತಿತ್ತು. ಬಗ್ಗಿದಾಗಲೆಲ್ಲ ತಣ್ಣಗೆ ಬೆನ್ನಹುರಿಗುಂಟ ಇಳಿದು ಚಡ್ಡಿ ತೊಯ್ಯುತ್ತಿತ್ತು. ಪಡುವಣದಿಂದ ಗಾಳಿ ಬಂದು ಹೊಡೆದದ್ದೆಲ್ಲ ಮುಖಕ್ಕೆ ತಿರುಗಿತು. ಹೆಂಗಸರು ಹಿಂದೆ ಹಿಂದೆ ನೀರು ಹೊತ್ತರು, ಒದ್ದೆ ಹುಲ್ಲನ್ನು ತುಳಿಯುತ್ತ. ಮಧ್ಯಾಹ್ನ ಅವನು ಅದೇ ಕೈಯಲ್ಲಿ ರೊಟ್ಟಿ ಮುರಿದು ತಿಂದ. ಸಂಜೆ ಹುಲಿಗೆಮ್ಮ ಎಂದಿನ ಹಾಗೆ ಗೋಳಿ ಸೊಪ್ಪು ಕಿತ್ತು ಒಯ್ದು ಬೇಯಿಸಿದಳು. ಬೇಳೆ ಕಹಿಯಾಗಿತ್ತು. ಇಬ್ಬರೂ ವಾಂತಿ ಮಾಡಿದರು. ಬೇಳೆ ಹಳೆಯದಿರಬೇಕು ಅಂದುಕೊಂಡರು.

ಮಂಗಳವಾರ ಉಳಿದರ್ಧ ಹೊಡೆಯಬೇಕಿತ್ತು. ಮೊದಲ ಕ್ಯಾನಿನ ಮುಚ್ಚಳ ಮತ್ತೆ ಬಿಗಿದುಕೊಂಡಿತ್ತು. ದುರುಗಪ್ಪ ಅದನ್ನು ಎದೆಗೆ ಆನಿಸಿಕೊಂಡು ತಿರುವಿದ. ಫಟ್ಟನೆ ಬಿಚ್ಚಿತು. ನೀರು ಬೆರೆಸದ ಹಸಿ ಎಣ್ಣೆ ಎರಡೂ ಕಣ್ಣಿಗೆ ಸಿಡಿಯಿತು.

ಅವನು ಕ್ಲಬ್‌ಹೌಸಿನ ಕಡೆ ಓಡಿದ. ಅದರ ಬಾಗಿಲೊಳಗೇ ಬಿಳಿ ಟೈಲ್ಸಿನ ಕೈತೊಳೆಯುವ ಕೋಣೆ, ಸಾಲಾಗಿ ನಾಲ್ಕು ನಲ್ಲಿ. ಹೊರಗಿನಿಂದಲೇ ಕಾಣುತ್ತವೆ.

ಬಾಗಿಲಲ್ಲಿ ವಾಚ್‌ಮನ್ ಜಯಂತಿಭಾಯಿ ಕೋಲು ಅಡ್ಡ ಹಿಡಿದ. "ಅಂದರ್ ನಹೀ. ಸಾಹೇಬ್ ಕಾ ಆರ್ಡರ್ ಹೈ."

"ಆಂಖ್ ಭಾಯಿ, ಆಂಖ್!" ಹುಲಿಗೆಮ್ಮ ಹಿಂದಿನಿಂದ ಓಡಿ ಬಂದು ಅವನ ಕಾಲು ಹಿಡಿದಳು. ಜಯಂತಿಭಾಯಿ ಅತ್ತ ಇತ್ತ ನೋಡಿದ. ಅವನೂ ಬಡವ. ಅವನಿಗೂ ನೌಕರಿ ಬೇಕಿತ್ತು. ಕೋಲು ಸರಿಯಲಿಲ್ಲ.

ಸದ್ದು ಕೇಳಿ ಸಾಹೇಬರು ಒಳಗಿನಿಂದ ಬಂದರು. ನೋಡಿದರು. ದುರುಗಪ್ಪನ ಮೈಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅವರು ಒಂದು ಹೆಜ್ಜೆ ಹಿಂದೆ ಸರಿದರು.

"ಇಲ್ಲಿ ಬೇಡ, ಇಲ್ಲಿ ಬೇಡ. ಮೆಂಬರ್ಸ್ ಬಳಸೋ ಜಾಗ. ಹಿಂದೆ ಟ್ಯಾಂಕ್ ಇದೆಯಲ್ಲ, ಅಲ್ಲಿ ತೊಳ್ಕೋ. ಬೇಗ ಹೋಗು."

ಹಿಂದಿನ ಟ್ಯಾಂಕಿನ ತಳದ ನೀರೆಲ್ಲ ಬೆಳಿಗ್ಗೆಯೇ ಎಣ್ಣೆ ಮೆತ್ತಿದ ಬಕೆಟ್ಟಿಗೆ ಹೋಗಿತ್ತು. ಟ್ಯಾಂಕರು ಬರುವುದು ಸಂಜೆಗೆ. ಹುಲಿಗೆಮ್ಮ ಗಂಡನ ಕೈ ಹಿಡಿದು ಎಳೆದುಕೊಂಡು ಗೇಟಿನ ಕಡೆ ಓಡಿದಳು. ಮೊದಲ ಬಂಗಲೆ, ಎರಡನೆಯದು, ಮೂರನೆಯದು. ಎಲ್ಲ ಕಿಟಕಿಯೂ ಹಾಕಿತ್ತು. ಕೊನೆಗೆ ಗೇಟಿನಾಚೆ ವಸ್ತ್ರಾಪುರದ ದಾರಿಯಲ್ಲಿ ದನಗಾಹಿಗಳ ತೊಟ್ಟಿ ಸಿಕ್ಕಿತು. ಪಾಚಿ ಕಟ್ಟಿದ ನೀರು. ಎಮ್ಮೆಯ ಮೂತಿ ಪಕ್ಕಕ್ಕೆ ತಳ್ಳಿ ಗಂಡನ ತಲೆ ಅದ್ದಿದಳು.

ಸರಕಾರಿ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಹೆಂಗಸು, ರಚನಾ ಅಂತ ಹೆಸರು. ರೆಪ್ಪೆ ಬಿಡಿಸಿ ಬೆಳಕು ಬಿಟ್ಟು ನೋಡಿ ಹಿಂದಿಯಲ್ಲಿ ಕೇಳಿದಳು. "ಏನು ಬಿದ್ದದ್ದು? ಡಬ್ಬಿ ತಂದಿದ್ದೀಯಾ? ಅದರ ಚೀಟಿ?"

ಹುಲಿಗೆಮ್ಮ ಎರಡು ಬಸ್ಸು ಹಿಡಿದು ಕಾಲನಿಗೆ ವಾಪಸು ಬಂದಳು. ಸಾಹೇಬರು ವರಾಂಡದಲ್ಲಿದ್ದರು.

"ಚೀಟಿ ಗೀಟಿ ಯಾಕೆ? ಗೊಬ್ಬರದ ನೀರು ಬಿತ್ತು ಅಂತ ಹೇಳು, ಸಾಕು. ಎಣ್ಣೆ ಪಣ್ಣೆ ಅಂದ್ರೆ ಪೊಲೀಸರು ಬರ್ತಾರೆ. ನಿನ್ನ ಗಂಡನೇ ಕುಡಿಯೋಕೆ ಹೋಗಿದ್ದ ಅಂತ ಬರ್ಕೋತಾರೆ. ನಿಮಗೇ ತೊಂದರೆ. ನಮ್ಮವರು ಅಂತ ಹೇಳ್ತಿದೀನಿ."

ಹುಲಿಗೆಮ್ಮ ಹೋಗಿ ಗೊಬ್ಬರದ ನೀರು ಅಂದಳು. ಡಾಕ್ಟರು ಅವಳ ಮುಖ ನೋಡಿದಳು, ಬರೆದುಕೊಂಡಳು.

ಹತ್ತು ದಿನ ಕಳೆದವು. ಬಲಗಣ್ಣು ಮೊಟ್ಟೆಯ ಬಿಳಿಯ ಹಾಗೆ ಆಯಿತು. ಎಡಗಣ್ಣಿಗೆ ಕೈ ಆಡಿಸಿದರೆ ನೆರಳು ಆಡಿದ ಹಾಗೆ ಕಾಣುತ್ತಿತ್ತು. ಹುಲಿಗೆಮ್ಮ ಹಗಲು ಹುಲ್ಲಿನಲ್ಲಿ, ಸಂಜೆ ವಾರ್ಡಿನಲ್ಲಿ. ಕೋಣೆ ಹೋಗಬಾರದಲ್ಲ, ಅದಕ್ಕೆ ಕೆಲಸ ಬಿಡಲಿಲ್ಲ. ಹುಲ್ಲುಹಾಸಿನ ಅರ್ಧದಲ್ಲಿ ಸೊಪ್ಪು ಸುರುಳಿ ಸುತ್ತಿ, ಕಾಂಡ ತಿರುಚಿಕೊಂಡು ಒಣಗಿತ್ತು. ಹುಲ್ಲು ಹಸಿರಾಗಿತ್ತು. ಎಣ್ಣೆ ತನ್ನ ಕೆಲಸ ಸರಿಯಾಗಿ ಮಾಡಿತ್ತು. ಉಳಿದರ್ಧದಲ್ಲಿ ಸೊಪ್ಪು ಪಾದ ಮುಚ್ಚುವಷ್ಟು ಬೆಳೆದಿತ್ತು.

ಅಕ್ಟೋಬರ್ ಹನ್ನೆರಡನೇ ತಾರೀಕು ಸಾಹೇಬರು ಕರೆದರು.

"ನೋಡಮ್ಮ, ದುರುಗಪ್ಪನ ಕೆಲಸ ಬೇರೆಯವರಿಗೆ ಕೊಡಬಹುದಿತ್ತು. ನಿನಗೇ ಕೊಡ್ತಿದೀನಿ. ಉಳಿದ ಅರ್ಧ ನೀನೇ ಹೊಡಿ. ಸ್ವಲ್ಪ ಹುಷಾರಾಗಿ. ಅವನು ಗಡಿಬಿಡಿ ಮಾಡ್ಕೊಂಡ."

"ನನಗ ಬರಂಗಿಲ್ರೀ."

"ಏನಿದೆ ಬರೋಕೆ? ಕೋಣೆ ಬೇಕೋ ಬೇಡವೋ?"

ಅವಳು ಸ್ಟೋರಿಗೆ ಹೋದಳು. ಪಂಪು ಮೂಲೆಯಲ್ಲಿತ್ತು. ಎರಡನೆಯ ಕ್ಯಾನು ರಟ್ಟಿನ ಡಬ್ಬದಲ್ಲೇ ಇತ್ತು. ಅದರ ಕುತ್ತಿಗೆಗೂ ರಬ್ಬರು, ಮಡಿಸಿದ ಕಾಗದ. ಬಿಡಿಸಿದಳು. ಸಿಗರೇಟಿನ ಕಾಗದದಷ್ಟು ತೆಳು, ಪಂಚೆಯಷ್ಟು ಅಗಲ. ಸಾಸಿವೆ ಚೆಲ್ಲಿದ ಹಾಗೆ ಅಕ್ಷರ. ಇಂಗ್ಲಿಷು, ಹಿಂದಿ, ಗುಜರಾತಿ, ಇನ್ನೂ ಯಾವುದೋ. ಕಾಗದ ತಿರುವಿದಳು. ಕೆಳಗೆ ಬಲಮೂಲೆಯಲ್ಲಿ ಅವಳ ಕಣ್ಣು ನಿಂತಿತು.

ಕನ್ನಡ.

ಊರಲ್ಲಿ ಸಾಕ್ಷರತಾ ಕ್ಲಾಸಿಗೆ ಆರು ತಿಂಗಳು ಹೋಗಿದ್ದಳು. ಬಸ್ಸಿನ ಬೋರ್ಡು ಓದುವಷ್ಟು ಬರುತ್ತಿತ್ತು. ಗುಜರಾತಿಗೆ ಬಂದ ಮೇಲೆ ಅದಕ್ಕೂ ಕೆಲಸವಿರಲಿಲ್ಲ. ಅವಳು ಸ್ಟೋರಿನ ನೆಲದ ಮೇಲೆ ಕೂತಳು. ಅಕ್ಷರಕ್ಕೆ ಬೆರಳಿಟ್ಟಳು. ಸಿಂ, ಪ, ಡಿ, ಸು, ವ, ವ, ರು. ಒತ್ತಕ್ಷರ ಬಂದಲ್ಲಿ ಮುಗ್ಗರಿಸಿದಳು. ಹಿಂದೆ ಬಂದಳು. ಮತ್ತೆ ಓದಿದಳು.

ಸಿಂಪಡಿಸುವವರು ರಬ್ಬರಿನ ಕೈಗವಸು, ಬೂಟು, ಕಣ್ಣಿಗೆ ರಕ್ಷಣೆಯ ಕನ್ನಡಕ ಧರಿಸತಕ್ಕದ್ದು. ಮೂಗು ಬಾಯಿ ಮುಚ್ಚಿಕೊಳ್ಳತಕ್ಕದ್ದು.

ಗಾಳಿ ಬೀಸುವಾಗ ಸಿಂಪಡಿಸಬಾರದು. ಸೋರುವ ಪಂಪನ್ನು ಬಳಸಬಾರದು. ಕೈಯಿಂದ ಕಲಸಬಾರದು, ಕೋಲಿನಿಂದ ಕಲಸಬೇಕು.

ಕೆಲಸದ ನಡುವೆ ಕೈ ಮುಖ ಸೋಪಿನಿಂದ ತೊಳೆಯದೆ ಉಣ್ಣಬಾರದು. ಸಿಂಪಡಿಸಿದ ಸೊಪ್ಪನ್ನು ಮನುಷ್ಯರಾಗಲಿ ದನಗಳಾಗಲಿ ತಿನ್ನಬಾರದು.

ಇಲ್ಲಿ ಅವಳ ಬೆರಳು ನಿಂತಿತು. ಕಹಿಯಾದ ಬೇಳೆ ನೆನಪಾಯಿತು. ಮುಂದೆ ಓದಿದಳು.

ಕಣ್ಣಿಗೆ ಬಿದ್ದರೆ ತಕ್ಷಣ ಶುದ್ಧ ನೀರಿನಿಂದ ಕನಿಷ್ಠ ಹದಿನೈದು ನಿಮಿಷ ತೊಳೆಯಬೇಕು. ಈ ಚೀಟಿಯನ್ನು ವೈದ್ಯರಿಗೆ ತೋರಿಸಬೇಕು.

ತಕ್ಷಣ. ಶುದ್ಧ ನೀರು. ಈ ಚೀಟಿ.

ಇಂಥದೇ ಇನ್ನೊಂದು ಕಾಗದವನ್ನು ಅವನು ಓದಿದ್ದ. ಅವಳ ಎದುರಿಗೇ ನಿಂತು, ಮೇಲಿಂದ ಕೆಳಗಿನ ತನಕ. ಓದಿದ್ದಕ್ಕೇ ಕಿಟಕಿ ಹಾಕಿಸಿದ್ದ. ಓದಿದ್ದಕ್ಕೇ ನಾಯಿ ಕಟ್ಟಿಸಿದ್ದ. ಗೊತ್ತಿಲ್ಲದೆ ಆದದ್ದಲ್ಲ. ಅವನ ಲೆಕ್ಕದಲ್ಲಿ ಉಳಿಸಬೇಕಾದವರು ಯಾರು ಅಂತ ಒಂದು ಪಟ್ಟಿ ಇತ್ತು. ನಾಯಿ ಅದರಲ್ಲಿತ್ತು. ಹಗ್ಗದ ಮೇಲಿನ ಬಟ್ಟೆಯೂ ಇತ್ತು. ದುರುಗಪ್ಪ ಇರಲಿಲ್ಲ.

ಅವಳ ಬಾಯಲ್ಲಿ ಸಾಹೇಬರು ಅನ್ನುವ ಮಾತು ಸತ್ತದ್ದು ಅಲ್ಲಿ, ಆ ಸ್ಟೋರಿನಲ್ಲಿ. ಆಮೇಲೆ ಉಳಿದವನು ಅನಂತರಾಮ ಅಷ್ಟೆ.

ಅವಳು ಪಂಪು ಮುಟ್ಟಲಿಲ್ಲ. ಕಾಗದ ಹಿಡಿದು ಹೊರಬಂದಳು.

ಅನಂತರಾಮ ಹುಲ್ಲಿನ ನಡುವೆ ನಿಂತಿದ್ದ. ಪಕ್ಕದಲ್ಲಿ ಕನ್ನಡ ಸಂಘದ ಕಾರ್ಯದರ್ಶಿ ಸೀತಾರಾಮ, ಬ್ಯಾಂಕಿನವನು, ವೇದಿಕೆಗೆ ಜಾಗ ಅಳೆಯಲು ಟೇಪು ಹಿಡಿದಿದ್ದ. ಮಂಗೂಬೆನ್ ಮತ್ತಿಬ್ಬರು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೀಳುತ್ತಿದ್ದರು.

"ಪಂಪೆಲ್ಲಿ?" ಅಂದ ಅನಂತರಾಮ.

"ಇದನ್ನ ಓದಿದ್ರಲ್ರಿ ನೀವು?"

ಅವನು ಕಾಗದ ನೋಡಿದ. ಮುಖ ಒಂದು ಗಳಿಗೆ ಬೇರೆಯಾಯಿತು. ಮತ್ತೆ ಸರಿಹೋಯಿತು. "ಅದೆಲ್ಲ ಫಾರ್ಮಾಲಿಟಿಗೆ ಬರೆದಿರ್ತಾರಮ್ಮ. ಎಲ್ಲಾ ಔಷಧಿಗೂ ಇರುತ್ತೆ."

"ಹಂಗಾದ್ರ ನಿಮ್ಮ ನಾಯಿನ್ಯಾಕ ಒಳಗ ಕಟ್ಟಿದ್ರಿ?"

ಸೀತಾರಾಮನ ಕೈಯಲ್ಲಿ ಟೇಪು ಸರ್ರನೆ ಒಳಗೆ ಸುತ್ತಿಕೊಂಡಿತು.

"ಏನು ಮಾತಾಡ್ತಿದೀಯ, ಗೊತ್ತಾ?"

"ಗೊತ್ತೈತ್ರಿ. ಕನ್ನಡ ಮಾತಾಡಾಕತ್ತೀನಿ. ಇದೂ ಕನ್ನಡದಾಗ ಐತಿ. ಕೇಳ್ರಿ." ಅವಳು ಓದತೊಡಗಿದಳು. ಬಿಡಿಬಿಡಿಯಾಗಿ, ಬೆರಳಿಟ್ಟುಕೊಂಡು, ಗಟ್ಟಿಯಾಗಿ. ಕೈ-ಗವ-ಸು. ಎಲ್ಲೈತಿ? ಬೂ-ಟು. ಎಲ್ಲೈತಿ? ಶು, ಶುದ್ಧ ನೀರು. ನಾಲ್ಕು ನಳ ಇದ್ವು. ಯಾರು ಬ್ಯಾಡಂದ್ರು? ಅವಳು ನಿಲ್ಲಿಸಲಿಲ್ಲ. ಎರಡು ಬಂಗಲೆಯ ಬಾಗಿಲು ತೆರೆದವು.

"ಸರಿ, ಸರಿ." ಅನಂತರಾಮ ದನಿ ತಗ್ಗಿಸಿದ. "ಗ್ಲೌಸ್ ತರಿಸಿಕೊಡೋಣ. ಇವತ್ತೇ. ಆಯ್ತಾ? ಹೊಡಿ ಈಗ."

"ಹೊಡೆಯಂಗಿಲ್ಲ."

"ಗ್ಲೌಸ್ ಕೊಡ್ತೀನಿ ಅಂದ್ನಲ್ಲಾ!"

"ನನಗ ಗ್ಲೌಸ್ ಕೊಟ್ರ ಆತೇನು? ನೀರು ಹೊರೋ ಈ ಹೆಣ್ಮಕ್ಕಳಿಗೆ? ಮೊದಲ ದವಾಖಾನಿಗೆ ಬರ್ರಿ. ಗೊಬ್ಬರ ಅಂತ ನನ್ನ ಬಾಯಿಲೆ ಸುಳ್ಳು ಹೇಳಿಸಿದ್ರಿ. ಡಾಕ್ಟರ್ ಮುಂದ ನಿಂತು ಖರೇ ಹೇಳ್ರಿ. ಅದಾದ ಮ್ಯಾಲ ಎಣ್ಣಿ ಮಾತು."

ಸೀತಾರಾಮ ನಡುವೆ ಬಂದ. "ಹುಲಿಗೆಮ್ಮ, ಸಮಾಧಾನ. ನಾವೆಲ್ಲ ಒಂದೇ ಕಡೆಯವರು. ಹೊರರಾಜ್ಯದಲ್ಲಿ ಹೀಗೆ ಬೀದಿಗೆ ತಂದ್ರೆ…"

"ನಿಮ್ಮ ಮನಿಯಾಗ ನನಗ ಸ್ಟೀಲ್ ಲೋಟ ಕೊಡ್ತೀರೇನ್ರಿ?"

ಸೀತಾರಾಮ ಟೇಪನ್ನು ಜೇಬಿಗಿಳಿಸಿ ಪಕ್ಕಕ್ಕೆ ಸರಿದ.

"ಕೋಣೆ ಖಾಲಿ ಮಾಡು" ಅಂದ ಅನಂತರಾಮ. ಅವನ ಕುತ್ತಿಗೆಯ ನರ ಉಬ್ಬಿತ್ತು. "ಈಗಲೇ. ಗುಂಡಿಯಲ್ಲಿ ಬಿದ್ದಿದ್ದವರನ್ನ ಎತ್ತಿ ತಂದೆ ನೋಡು, ನನ್ನ ಬುದ್ಧಿಗೆ ಹೊಡೀಬೇಕು."

ಹುಲ್ಲಿನ ದಂಡೆಯಲ್ಲಿ ಅನಂತರಾಮನ ಮನೆಯ ಗುಲಾಬಿ ಸಾಲಾಗಿ ಅರಳಿತ್ತು. ಅವಳು ಒಮ್ಮೆ ಅದರತ್ತ ನೋಡಿದಳು. ಗುಲಾಬಿಯದೂ ಅಗಲ ಎಲೆ. ಒಂದು ಪಂಪು ಸಾಕು, ವಾರದಲ್ಲಿ ಎಲ್ಲ ಸುರುಳಿ ಸುತ್ತುತ್ತಿದ್ದವು. ಕೈ ತುರಿಸಿತು. ಆದರೆ ಅವಳಿಗೆ ಗುಲಾಬಿಯ ಮೇಲೆ ಸಿಟ್ಟಿರಲಿಲ್ಲ. ಮಂಗೂಬೆನ್ ಕಡೆ ತಿರುಗಿ ತನಗೆ ಬರುವ ಮುರುಕು ಹಿಂದಿಯಲ್ಲಿ ಕಾಗದ ತೋರಿಸಿ ಹೇಳಿದಳು: ಇದು ವಿಷ. ಅವನಿಗೆ ಗೊತ್ತಿತ್ತು. ಕಾಗದದಲ್ಲಿ ಬರೆದಿದೆ. ನಮಗೆ ಹೇಳಲಿಲ್ಲ.

ಮಂಗೂಬೆನ್ ಕಾಗದ ಇಸಿದುಕೊಂಡು ತಲೆಕೆಳಗಾಗಿ ಹಿಡಿದು ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಎಣ್ಣೆ ಹೊಡೆದ ಸೋಮವಾರ ಒಯ್ದಿದ್ದ ಸೊಪ್ಪು ತಿಂದು ಅವಳ ಆಡು ಎರಡು ದಿನ ಮೇಲೆದ್ದಿರಲಿಲ್ಲ. ಅವಳಿಗೆ ಅಷ್ಟು ಸಾಕಾಯಿತು. ಖುರ್ಪಿ ಸೊಂಟಕ್ಕೆ ಸಿಕ್ಕಿಸಿ ಎದ್ದಳು. "ಚಾಲೋ" ಅಂದಳು. ಉಳಿದಿಬ್ಬರೂ ಎದ್ದರು.

ಕೋಣೆಯ ಸಾಮಾನನ್ನು ಅನಂತರಾಮ ಜಯಂತಿಭಾಯಿಯ ಕೈಯಿಂದಲೇ ಹೊರಗೆ ಹಾಕಿಸಿದ. ಎರಡು ಪಾತ್ರೆ, ಒಂದು ಕೌದಿ, ದುರುಗಪ್ಪನ ಸಲಿಕೆ. ಜಯಂತಿಭಾಯಿ ತಲೆ ಎತ್ತಲಿಲ್ಲ. ಕೊನೆಗೆ ಪಾತ್ರೆಯನ್ನು ತಾನೇ ಅವಳ ತಲೆಗೆ ಎತ್ತಿಕೊಟ್ಟ.

ಅವಳು ನೇರ ಆಸ್ಪತ್ರೆಗೆ ಹೋದಳು. ಕೌದಿ, ಪಾತ್ರೆ, ಸಲಿಕೆ ಸಮೇತ. ಡಾಕ್ಟರ್ ರಚನಾಳ ಮೇಜಿನ ಮೇಲೆ ಕಾಗದ ಹರಡಿದಳು. "ಹಮ್ ಝೂಟ್ ಬೋಲಾ ಮೇಡಂ. ಖಾದ್ ನಹೀ. ಯೇ." ಸುಳ್ಳು ಹೇಳಿದೆ, ಗೊಬ್ಬರ ಅಲ್ಲ, ಇದು.

ಡಾಕ್ಟರು ಇಂಗ್ಲಿಷಿನ ಭಾಗ ಓದಿದಳು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಆ ದಿನವೇ ಇದು ಕೈಯಲ್ಲಿದ್ದಿದ್ದರೆ ಇನ್ನಷ್ಟು ತೊಳೆಯುತ್ತಿದ್ದೆವು, ಒಂದು ಕಣ್ಣಾದರೂ ಪೂರ್ತಿ ಉಳಿಯುತ್ತಿತ್ತೋ ಏನೋ, ಹೇಳಲಾರೆ, ಅಂದಳು. ಹುಲಿಗೆಮ್ಮ ಗೋಡೆಗೆ ಒರಗಿದಳು. ಆ ಸುಳ್ಳು ತನ್ನ ಬಾಯಿಂದ ಬಂದದ್ದು. ಅದನ್ನು ಅನಂತರಾಮನ ತಲೆಗೆ ಎಷ್ಟು ಕಟ್ಟಿದರೂ ಒಂದು ಚೂರು ಅವಳ ಹತ್ತಿರವೇ ಉಳಿಯಿತು. ಅದು ಇವತ್ತಿಗೂ ಇದೆ.

"ಪೊಲೀಸ್ ಕೇಸ್ ಆಗುತ್ತೆ" ಅಂದಳು ಡಾಕ್ಟರು.

"ಆಗ್ಲಿ. ಬರೀರಿ." ಕನ್ನಡದಲ್ಲೇ ಅಂದಳು. ಡಾಕ್ಟರಿಗೆ ಅರ್ಥವಾಯಿತು.

ವಾರ್ಡಿನಲ್ಲಿ ಗಂಡನ ಮಂಚದ ಮೇಲೆ ಕೂತು ಅವಳು ಎಲ್ಲ ಹೇಳಿದಳು. ದುರುಗಪ್ಪನ ಕಣ್ಣಿಗೆ ಹತ್ತಿ ಕಟ್ಟಿತ್ತು.

"ಓದು ಹುಲಿಗಿ."

ಓದಿದಳು. ಈಗ ಸ್ವಲ್ಪ ಸಲೀಸಾಗಿತ್ತು. ಅವನು ಕೊನೆಯ ತನಕ ಕೇಳಿದ.

"ಕನ್ನಡದಾಗ ಐತೇನು?"

"ಹೂಂ. ಕನ್ನಡದಾಗ ಐತಿ."

"ನಮ್ಮ ಸಲುವಾಗಿ ಬರದಾರ ಅಂದಂಗಾತು." ಅವನು ಕೈ ಚಾಚಿ ಕಾಗದವನ್ನು ತಡವಿದ. "ಬರದಾಂವ ಯಾರೋ ಏನೋ, ನಮ್ಮನ್ನ ನೋಡೇ ಇಲ್ಲ. ನೋಡಿದಾಂವ ಹೇಳಲಿಲ್ಲ." ಆಮೇಲೆ ಅವನ ಎದೆ ಏರಿಳಿಯಿತು. ಅಳುತ್ತಾನೆ ಅಂದುಕೊಂಡಳು. ಅವನು ಹಲ್ಲು ಕಚ್ಚಿದ್ದ. "ಕೇಸು ಬಿಡಬ್ಯಾಡ."

ಬಿಡಲಿಲ್ಲ. ಸೀತಾರಾಮ ಎರಡು ಸಲ ಹಣ್ಣು ತಂದು ಬುದ್ಧಿ ಹೇಳಿದ. ಎರಡನೆಯ ಸಲ ಹಣ್ಣನ್ನು ವಾಪಸು ಕಳಿಸಿದಳು. ಜಯಂತಿಭಾಯಿ ಒಂದು ಸಂಜೆ ವಾರ್ಡಿಗೆ ಬಂದು, ನಾನು ಸಾಕ್ಷಿ ಹೇಳುತ್ತೇನೆ, ನನ್ನ ಕೋಲೇ ಅಡ್ಡ ಇದ್ದದ್ದು, ಅಂದು ಅತ್ತ. ಪೊಲೀಸರು ಕೇಳಿದಾಗ ಅವನು ಏನೂ ನೋಡಿಲ್ಲ ಅಂದ. ರಾಜ್ಯೋತ್ಸವ ನಡೆಯಿತು. ಕಳೆಯಿದ್ದ ಅರ್ಧಕ್ಕೆ ಜಮಖಾನ ಹಾಸಿದ್ದರಂತೆ. ಕನ್ನಡದ ಮಾತು ತಾಯ ಹಾಲಿನ ಹಾಗೆ ಅಂತ ಅನಂತರಾಮ ಭಾಷಣ ಮಾಡಿದನಂತೆ. ಮುಂದಿನ ಮಾರ್ಚಿನಲ್ಲಿ ಅವನಿಗೆ ವರ್ಗವಾಯಿತು, ಬಡ್ತಿಯ ಮೇಲೆ. ಕೇಸು ಪೊಲೀಸ್ ಠಾಣೆಯ ಒಂದು ಕಪಾಟಿನಲ್ಲಿದೆ. ಹುಲಿಗೆಮ್ಮ ಎರಡು ತಿಂಗಳಿಗೊಮ್ಮೆ ಹೋಗಿ ಕೇಳುತ್ತಾಳೆ. ತನಿಖೆ ನಡೆಯುತ್ತಿದೆ ಅನ್ನುತ್ತಾರೆ. ಮತ್ತೆ ಹೋಗುತ್ತಾಳೆ.

ತೊಂಬತ್ತೆಂಟರಲ್ಲಿ ಅವರು ಸೂರತ್ತಿಗೆ ಬಂದರು. ಠಾಣೆಗೆ ಈಗ ರೈಲು ಹಿಡಿದು ಹೋಗುತ್ತಾಳೆ. ಅಡಾಜಣ್‌ನಲ್ಲಿ ಹೊಸ ಹೊಸ ಅಪಾರ್ಟ್‌ಮೆಂಟು ಏಳುತ್ತಿದ್ದವು. ಪ್ರತಿಯೊಂದರ ಮುಂದೂ ಒಂದು ಹುಲ್ಲುಹಾಸು. ದುರುಗಪ್ಪ ಕೋಣೆಯಲ್ಲಿ ಕೂತು ಪೊರಕೆ ಕಟ್ಟುತ್ತಾನೆ. ಬೆರಳಿಗೆ ಕಣ್ಣು ಬೇಕಿಲ್ಲ. ಹುಲಿಗೆಮ್ಮ ಒಂದು ಸೊಸೈಟಿಯಲ್ಲಿ ಐದು ಹೆಂಗಸರ ಜೊತೆ ಕಳೆ ತೆಗೆಯುವ ಕೆಲಸಕ್ಕೆ ಸೇರಿದಳು.

ಎರಡನೇ ವಾರಕ್ಕೆ ಮ್ಯಾನೇಜರು ಸ್ಕೂಟರಿನಲ್ಲಿ ಪಂಪು ಇಟ್ಟುಕೊಂಡು ಬಂದ. ಹಿಂದೆ ಅದೇ ಕಂದು ಎಣ್ಣೆಯ ಕ್ಯಾನು.

ಹುಲಿಗೆಮ್ಮ ಕ್ಯಾನಿನ ಕುತ್ತಿಗೆಯಿಂದ ಕಾಗದ ಬಿಚ್ಚಿದಳು. ಆರು ಜನಕ್ಕೆ ಆರು ಜೊತೆ ಕೈಗವಸು, ಆರು ಜೊತೆ ಬೂಟು, ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ, ಪಕ್ಕದಲ್ಲಿ ಎರಡು ಬಕೆಟ್ ಒಳ್ಳೆಯ ನೀರು, ಸೋಪು, ಅಂದಳು. ಎರಡು ವರ್ಷದಲ್ಲಿ ಅವಳ ಹಿಂದಿ ಸುಧಾರಿಸಿತ್ತು. ಮ್ಯಾನೇಜರು ನಕ್ಕ. ಬೈದ. ಬೇರೆಯವರನ್ನು ಕರೆಸುತ್ತೇನೆ ಅಂದ. ಉಳಿದ ಐವರ ಮುಖ ನೋಡಿದ. ಅವರಿಗೆ ಹುಲಿಗೆಮ್ಮ ಮೊದಲ ದಿನವೇ ದುರುಗಪ್ಪನನ್ನು ತೋರಿಸಿದ್ದಳು. ಯಾರೂ ಏಳಲಿಲ್ಲ. ಮ್ಯಾನೇಜರು ಸ್ಕೂಟರು ಹತ್ತಿ ಹೋದ.

ಒಂದು ಗಂಟೆಯ ಮೇಲೆ ವಾಪಸು ಬಂದ. ಬಕೆಟ್ಟು ಬಂದವು, ಸೋಪು ಬಂತು, ಕನ್ನಡಕ ಬಂದವು. ಕೈಗವಸು, ಬೂಟು ನಾಲ್ಕು ಜೊತೆ.

"ಅಂಗಡಿಯಲ್ಲಿ ಇಷ್ಟೇ ಇದ್ದದ್ದು. ನಾಲ್ಕು ಜನ ಶುರು ಮಾಡಿ. ಉಳಿದಿಬ್ಬರು ಬರೀ ನೀರು ಹೊರಲಿ."

ಹೆಂಗಸರು ಹುಲಿಗೆಮ್ಮನನ್ನು ನೋಡಿದರು.

"ಇನ್ನೆರಡು ಬರಲಿ" ಅಂದಳು.

ಮ್ಯಾನೇಜರು ಗಡಿಯಾರ ನೋಡಿಕೊಂಡ. ಬಿಸಿಲೇರುತ್ತದೆ ಅಂದ. ಸೆಕ್ರೆಟರಿ ಬರುತ್ತಾರೆ ಅಂದ. ಹುಲಿಗೆಮ್ಮ ನಾಲ್ಕು ಜೊತೆ ಬೂಟನ್ನೂ ಸಾಲಾಗಿ ಗೋಡೆಯ ಬುಡಕ್ಕೆ ಇಟ್ಟಳು. ಬಂದು ಐವರ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು.